ಐದು ವರ್ಷದಾಗ ಎರಡು ಸಲ ಹೊಲಕ್ಕ ಹೊಳಿ ಬಂತು: ಡ್ಯಾಂ ನೀರೋ, ಭೂಮಿ ಬಿಸಿಯೋ?

ಭೀಮಾ ದಂಡಿಯವ, ಅಫಜಲಪುರ ತಾಲೂಕು

ನಮಸ್ಕಾರ್ರಿ. ಮನ್ಯಾಗ ಜಗಳ ಹತ್ಯಾದ, ತೀರ್ಪು ನೀವ್ ಕೊಡ್ರಿ.

ನಮ್ದು ಭೀಮಾ ಹೊಳಿ ದಂಡಿ ಮ್ಯಾಲಿನ ಊರು. ನಾಲ್ಕು ಎಕರೆ ಎರಿ ಹೊಲ, ಎಲ್ಲಾ ತೊಗರಿ. 2020ರ ಅಕ್ಟೋಬರ್‌ದಾಗ ಚಿತ್ತಿ ಮಳಿ ಹೊಡೆದು ಹೊಳಿ ಬಂದಾಗ ಹೊಲ ಪೂರಾ ಮುಳುಗಿತ್ತು. ಇಂಥಾ ಹೊಳಿ ನೂರು ವರ್ಷಕ್ಕೊಮ್ಮೆ, ನಿನ್ನ ಪಾಲಿಂದು ಮುಗೀತು ಬಿಡೋ ಅಂತ ಬಂದವರೆಲ್ಲ ಸಮಾಧಾನ ಹೇಳಿ ಹೋದ್ರು. ಐದೇ ವರ್ಷ. 2025ರ ಸೆಪ್ಟೆಂಬರ್ ಕೊನಿಗೆ ಮತ್ತ ಬಂತು.

ನೀರು ಇಳಿದ ಮ್ಯಾಲ ಹೋಗಿ ಒಂದು ಗಿಡ ಜಗ್ಗಿದೆ. ಮೂಲಂಗಿ ಕಿತ್ತಂಗ ಸಲೀಸ ಬಂತು. ತೊಗರಿ ಗಿಡ ಹಂಗ ಬರೋದಲ್ಲ, ನಿಮಗ ಗೊತ್ತದ. ಬೇರಿನ ಸಿಪ್ಪಿ ಬೆರಳಿಗಿ ಅಂಟಿ ಬಿಚ್ಚಿತು, ಒಳಗ ಕರ್ರಗ, ಕೊಳತ ವಾಸನಿ. ಮ್ಯಾಲ ಎಲಿ ಮಾತ್ರ ಇನ್ನೂ ಹಸರ. ಅದನ್ನ ನೋಡಿನೇ ಹೆಚ್ಚು ಸಂಕಟ ಆಯ್ತು.

ಈಗ ಜಗಳ ಏನಂದ್ರ, ಕಾಕಾ ಅಂತಾರ: "ಮಳಿಗಿ ಮುಳುಗಿಲ್ಲೋ ಇದು. ಮ್ಯಾಲಿನವರು ನೀರು ಬಿಟ್ಟು ಮುಳುಗ್ಯಾದ." ಅದೂ ಸುಳ್ಳಲ್ಲ, ಹೊಳಿ ಏರೋ ದಿನ ನಮ್ಮ ಅಂಗಳದಾಗ ಬಿಸಿಲಿತ್ತು, ಕೌದಿ ಒಣ ಹಾಕಿದ್ವಿ. ಮಗಳು ಪಿಯುಸಿ ಸೈನ್ಸ್. ಅಕಿ ಅಂತಾಳ, ಜಾಗತಿಕ ತಾಪಮಾನ ಅಪ್ಪಾ, ಪುಸ್ತಕದಾಗೇ ಅದ. ಕಾಕಾಗ ಸಿಟ್ಟು ಬಂತು: "ಅಂದ್ರ ತಪ್ಪು ಯಾರದೂ ಅಲ್ಲ ಅಂದಂಗಾಯ್ತಲ್ಲವಾ!"

ಆ ಮಾತು ನನಗ ನಾಟ್ಯಾದ. ಎಲ್ಲಾ ಹವಾಮಾನದ ತಲಿಗಿ ಕಟ್ಟಿದ್ರ ನಾವು ಕೇಳೋದು ಯಾರನ್ನ? ತಿಳಿದವರು ಹೇಳ್ರಿ.

ಎಲಿ ಅಡಕಿ, ಕಲಬುರಗಿ

ತಮ್ಮಾ, 1908ರ ಸೆಪ್ಟೆಂಬರ್ 28ಕ್ಕ ಹೈದರಾಬಾದಿನಾಗ ಮೂಸಿ ಹೊಳಿ ಬಂದು ಸಾವಿರಾರು ಮಂದಿ ಹೋದ್ರು. ಆಗ ನಮ್ಮ ಕಲಬುರಗಿನೂ ನಿಜಾಮನ ಕೈಯಾಗೇ ಇತ್ತು. ಆಗ ಎಷ್ಟು ಕಾರು ಓಡ್ತಿದ್ವು, ಎಷ್ಟು ಏಸಿ ಇದ್ವು? ಹೊಳಿ ಅಂದ ಮ್ಯಾಲ ಬರ್ತದ. ಈಗಿನವರಿಗಿ ಶೆಕೆ ಆದ್ರೂ ತಾಪಮಾನ, ನೆಗಡಿ ಆದ್ರೂ ತಾಪಮಾನ. ನಿಮ್ಮ ಕಾಕಾನೇ ಖರೆ.

ಚಾಕ್‌ಪೀಸ್, ಬೀದರ್

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವ, ಸ್ವಲ್ಪ ಉದ್ದ ಆಗ್ತದೆ, ಸಹಿಸಿಕೊಳ್ಳಿ.

ಹಿರಿಯರ ಮೂಸಿ ಮಾತು ಸರಿ. ಮಹಾಪೂರ ಮೊದಲೂ ಬರ್ತಿದ್ದವು. ತಾಪಮಾನ ಮಾಡೋದು ಏನಂದರೆ, ಹೇಗೂ ಬರುವ ಮಳೆಗೆ ಇನ್ನಷ್ಟು ನೀರು ತುಂಬಿ ಕಳಿಸ್ತದೆ. ನೀವು ಒಣ ಹಾಕಿದ ಕೌದಿಯ ನೀರು ಎಲ್ಲಿ ಹೋಯ್ತು? ಗಾಳಿಗೇ ಹೋಯ್ತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ಆವಿ ಹಿಡೀತದೆ. ಕಲ್ಲಿದ್ದಲು ಸುಡುವ ಮೊದಲಿನ ಕಾಲಕ್ಕಿಂತ ಭೂಮಿ ಸುಮಾರು 1.1 ಡಿಗ್ರಿ ಬಿಸಿಯಾಗಿದೆ ಅಂತ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರಲ್ಲೇ ಹೇಳಿತ್ತು. 2024ರ ಸರಾಸರಿಯಂತೂ ಒಂದೂವರೆ ಡಿಗ್ರಿ ದಾಟಿತು.

ಏಳೇ ಏನು ಅನ್ನಬೇಡಿ. ಆ ಹೆಚ್ಚಿನ ನೀರು ದಿನಾ ಹಂಚಿಕೊಂಡು ಬೀಳೋದಿಲ್ಲ. ವಾರಗಟ್ಟಲೆ ಮೋಡ ಮುಖ ತೋರಿಸೋದಿಲ್ಲ, ಆಮೇಲೆ ಒಂದೇ ರಾತ್ರಿ ಸುರಿದು ಹೋಗ್ತದೆ. ಪುಣೆಯ ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಅವರ ಜೊತೆಗಾರರು 2017ರಲ್ಲಿ ತೋರಿಸಿದ ಪ್ರಕಾರ, 1950ರಿಂದ 2015ರೊಳಗೆ ಮಧ್ಯ ಭಾರತದಲ್ಲಿ ವಿಪರೀತ ಮಳೆಯ ಪ್ರಸಂಗಗಳು ಮೂರು ಪಟ್ಟಾಗಿವೆ, ಅದೂ ಮುಂಗಾರಿನ ಒಟ್ಟು ಮಳೆ ಇಳೀತಿದ್ದಾಗ. ಅದು ಮಧ್ಯ ಭಾರತದ ಲೆಕ್ಕ, ತಂದು ನಮ್ಮ ಜಿಲ್ಲೆಗೆ ಹಾಗೇ ಅಂಟಿಸೋಕೆ ನಾನು ತಯಾರಿಲ್ಲ.

ಒಂದೊಂದು ಮಳೆಗೂ ಬೇರೆ ಲೆಕ್ಕ ಹಾಕ್ತಾರೆ. ಈಗಿನ ಬಿಸಿ ಭೂಮಿ, ಕಲ್ಲಿದ್ದಲು ಸುಡುವ ಮೊದಲಿನ ಭೂಮಿ, ಎರಡನ್ನೂ ಕಂಪ್ಯೂಟರಿನಲ್ಲಿ ಓಡಿಸಿ ಅಂಥ ಮಳೆ ಎಲ್ಲಿ ಎಷ್ಟು ಸಲ ಬರ್ತದೆ ಅಂತ ನೋಡೋದು. 2024ರ ಜುಲೈನಲ್ಲಿ ವಯನಾಡಿನ ಗುಡ್ಡ ಕುಸಿದಾಗಿನ ಮಳೆ ತಾಪಮಾನದಿಂದ ಸುಮಾರು ಶೇ 10 ಜೋರಾಗಿತ್ತು ಅಂದರು. 2015ರ ಚೆನ್ನೈ ಮಳೆಯನ್ನು ಹೀಗೇ ನೋಡಿದವರಿಗೆ ತಾಪಮಾನದ ಕೈ ಕಾಣಲೇ ಇಲ್ಲ, ಕಾಣಲಿಲ್ಲ ಅಂತಲೇ ಬರೆದರು. ನನಗೆ ಇವರ ಮೇಲೆ ನಂಬಿಕೆ ಬಂದದ್ದು ಆ ಚೆನ್ನೈ ಲೆಕ್ಕ ಓದಿದ ಮೇಲೆ.

ಎಲಿ ಅಡಕಿ, ಕಲಬುರಗಿ

ಚೆನ್ನೈ ಮಾತು ಒಪ್ಪಿದೆ ಸರ್. ಉಳಿದಿದ್ದು ನೋಡಮ್.

ಎರಿ ಮಣ್ಣು, ಯಾದಗಿರಿ

ಸರ್ ಮಳಿ ಹೇಳಿದ್ರು, ನಾ ಹೊಳಿ ಹೇಳ್ತೀನಿ. ಮ್ಯಾಲ ಮಹಾರಾಷ್ಟ್ರದಾಗ ಭೀಮಾಕ್ಕ ಕಟ್ಟಿದ ಉಜನಿ ಡ್ಯಾಂ ಹಿಡಿಯೋದು 117 ಟಿಎಂಸಿ. ನಿಮ್ಮ ಸೊನ್ನ ಬ್ಯಾರೇಜ್ ಹಿಡಿಯೋದು ಮೂರರ ಆಜುಬಾಜು. ಮ್ಯಾಲಿಂದ ಬಂದಿದ್ದನ್ನ ಅದು ತಡೀಲಾಕ ಆಗಲ್ಲ, ಗೇಟ್ ಎತ್ತಿ ದಾಟಿಸ್ತದ ಅಷ್ಟೇ. ಉಜನಿ ಕೆಳಗ ಸೀನಾ ಹೊಳಿ ಬ್ಯಾರೆ ಬಂದು ಕೂಡ್ತದ. ಸೋಲಾಪುರ ಕಡಿ ಹೊಡೆದ ಮಳಿ ನಿಮ್ಮಲ್ಲಿ ಬಿಸಿಲು ಬಿದ್ದ ಮ್ಯಾಲ ಬಂದು ಮುಟ್ತದ. 2020ರಾಗ ಹಂಗಲ್ಲ. ಆಗ ಬಂಗಾಳ ಕೊಲ್ಲಿದು ವಾಯುಭಾರ ಕುಸಿತ ಕಾಕಿನಾಡ ಹತ್ರ ದಂಡಿ ಹತ್ತಿ, ಹೈದರಾಬಾದ್ ಮುಳುಗಿಸಿ, ನಮ್ಮ ಮ್ಯಾಲೇ ಹಾದು ಮಹಾರಾಷ್ಟ್ರಕ್ಕ ಹೋಯ್ತು. ಮ್ಯಾಲಿನ ನೀರೂ ಬಂತು, ನಮ್ಮ ನೀರೂ ಕೂಡಿತು. ಎರಡು ಸಲದ್ದೂ ಒಂದೇ ಹೊಳಿ ಅಂತ ಕಾಕಾರು ತಿಳೀಬಾರ್ದು.

ಇನ್ನ ಡ್ಯಾಂ ತುಂಬಿಸಿಟ್ಟು ಕುಂದ್ರಬೇಕೋ, ಮಳಿ ಸುದ್ದಿ ಕೇಳಿ ಮೊದಲೇ ಖಾಲಿ ಮಾಡಬೇಕೋ, ಕೆಳಗಿನವರಿಗಿ ಎಷ್ಟು ತಾಸು ಮೊದಲ ಹೇಳಬೇಕೋ, ಇವೆಲ್ಲ ಮನುಷ್ಯರ ಕೆಲಸ. ಮಳಿ ಜೋರಾಗ್ಯಾದ ಅಂದ್ರ ಆ ಪ್ರಶ್ನಿ ಇನ್ನಾ ಜೋರಾಗಿ ಕೇಳಬೇಕು. ಮಗಳ ಮಾತು ಹಿಡಿದೇ ಕಾಕಾ ಕೇಳಬಹುದು.

ಎರಿ ಭೂಮಿ ನಿಮಗ ಹೇಳೋದೇನದ. ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರುಕು, ಮೊದಲ ಮಳಿ ಗಟಗಟ ಕುಡೀತದ. ತೊಯ್ದು ಉಬ್ಬಿತಂದ್ರ ಹನಿ ಒಳಗ ಬಿಡಲ್ಲ. ನಮ್ಮೂರ ಹಳ್ಳ ನಾ ಸಣ್ಣಾವಿದ್ದಾಗ ಎರಡು ಬಂಡಿ ಅಗಲ ಇತ್ತು. ಎರಡೂ ಕಡಿಯವರು ವರ್ಷಕ್ಕೊಂದು ಸಾಲು ಒಳಗ ಸರದು ಈಗ ಜಿಗದ್ರ ದಾಟಬಹುದು. ಅದ್ರಾಗ ನನ್ನ ಸಾಲೂ ಅವ, ಸುಳ್ಳ್ಯಾಕ ಹೇಳ್ಲಿ.

ಬೆಳಿ ವಿಮಾ ತುಂಬಿದ್ರ ನೀರು ನಿಂತ 72 ತಾಸಿನೊಳಗ ತಿಳಿಸಬೇಕು. ತಿಳಿಸಿದ್ರಿ ಇಲ್ಲೋ?

ಭೀಮಾ ದಂಡಿಯವ

72 ತಾಸಿಗಿ ನಾವು ಕಾಳಜಿ ಕೇಂದ್ರದಾಗ ಅನ್ನಕ್ಕ ಪಾಳಿ ಹಚ್ಚಿದ್ವಿ ಅಣ್ಣಾ, ಫೋನಿನ ಚಾರ್ಜ್ ಹೋಗಿತ್ತು. ನಾಲ್ಕನೇ ದಿನ ಹಚ್ಚಿದ್ರ ಅವಧಿ ಮುಗದದ ಅಂದ್ರು. ಆ ಕಥಿ ಬ್ಯಾರೆ ಬರೀತೀನಿ.

ನಿಮ್ಮ ಮಾತು ಎಲ್ಲಾ ಕಾಕಾಗ ಓದಿ ಹೇಳಿದೆ. ಮಗಳು ಹಿಂದ ನಿಂತು ನಗ್ಲಾಕತ್ತಿದ್ಲು. ಕಾಕಾ ಏನೂ ಅನ್ಲಿಲ್ಲ, ಎದ್ದು ಕೊಟ್ಟಿಗಿ ಗ್ವಾಡಿಗಿ ಹೋದ್ರು. ಅಲ್ಲಿ 2020ರ ಕೆಸರಿನ ಗೆರಿ ಇನ್ನೂ ಅದ. ಈ ಸಲದ ಗೆರಿ ಅದಕ್ಕಿಂತ ಒಂದು ಗೇಣು ಕೆಳಗ. ಕೈ ಹಚ್ಚಿ ಅಳದು, ಆಕಳ ಗೂಟ ಮ್ಯಾಲಿನ ಕಟ್ಟಿಗಿ ಬಡಿ ಅಂದ್ರು. ನಿನ್ನಿ ಬಡದೀನಿ.

ಹೊಲಕ್ಕ ಕಡಲಿ ಬಿತ್ತಬೇಕಂತ ಮಾಡೀನಿ. ಹದ ಬಂದಿಲ್ಲ ಇನ್ನ, ಕಾಲಿಟ್ರ ಮೊಣಕಾಲತನಾ ಇಳೀತದ.