ಲಾಕ್ ಆದರೆ ಸಾಕೇ? ಬಳಸಿದ ಥಂಡರ್‌ಬೋಲ್ಟ್‌ನ ಪರೀಕ್ಷೆ ಮತ್ತು ಪೆಟ್ಟಿಗೆ

ಹೊಸ ಹ್ಯಾಮ್: ಹವ್ಯಾಸಿ ರೇಡಿಯೋದವರ ಕ್ಯುಒ-100 ಉಪಗ್ರಹವನ್ನು ಬೆಂಗಳೂರಿನಿಂದ ಆಲಿಸುವ ನನ್ನ ಎಲ್‌ಎನ್‌ಬಿಗೆ (ಡಿಶ್ ಮೇಲಿನ ಗ್ರಾಹಕಕ್ಕೆ) ಸ್ಥಿರವಾದ ಆಕರ ಆವರ್ತನ ಬೇಕೆಂದು, ತನ್ನ ಆಸಿಲೇಟರನ್ನು ಜಿಪಿಎಸ್ ಸಮಯಕ್ಕೆ ಹೊಂದಿಸಿಕೊಳ್ಳುವ ಟ್ರಿಂಬಲ್ ಥಂಡರ್‌ಬೋಲ್ಟ್ ಯಂತ್ರವೊಂದನ್ನು, ಬಳಸಿದ್ದನ್ನೇ, ಕೊಂಡಿದ್ದೇನೆ. ಜಿಪಿಎಸ್‌ಗೆ ಲಾಕ್ ಆಗುತ್ತಿದೆ, ಅದರ 10 ಮೆಗಾಹರ್ಟ್ಸ್ ಅನ್ನೇ ಆಕರವಾಗಿ ಪಡೆದಿರುವ ಆವರ್ತನ ಕೌಂಟರ್ ಕೂಡ ಅದೇ 10 ಮೆಗಾಹರ್ಟ್ಸ್ ಅನ್ನು ಅಳೆದು ಕೊನೆಯ ಅಂಕಿಯವರೆಗೆ ಸರಿಯಾಗಿ ತೋರಿಸುತ್ತಿದೆ. ಆದರೆ ಅದು ಕಳುಹಿಸುವ ದಿನಾಂಕ ಸುಮಾರು ಇಪ್ಪತ್ತು ವರ್ಷ ಹಿಂದಿನದು. ಕೆಟ್ಟ ಮಾಲೇ? ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಕೂರಿಸಬಹುದೇ?

ಎಣಿಕೆಗಾರ: ದಿನಾಂಕದ ಚಿಂತೆ ಬೇಡ. ಜಿಪಿಎಸ್ ವಾರಗಳ ಎಣಿಕೆ 1024ಕ್ಕೊಮ್ಮೆ ಸೊನ್ನೆಗೆ ಮರಳುವುದರಿಂದ, 2017ರ ಜುಲೈ 30ರಿಂದ ಈ ಯಂತ್ರಗಳು ಅಷ್ಟು ವಾರ ಹಿಂದಿನ ದಿನಾಂಕವನ್ನು ಹೇಳುತ್ತಿವೆ. ಆವರ್ತನಕ್ಕೆ ಅದರಿಂದ ಧಕ್ಕೆಯಿಲ್ಲ. ಚಿಂತಿಸಬೇಕಾದದ್ದು ನಿಮ್ಮ ಕೌಂಟರ್ ಪರೀಕ್ಷೆಯ ಬಗ್ಗೆ. ತನ್ನನ್ನು ತಾನೇ ಅಳೆದುಕೊಂಡರೆ ಕೆಟ್ಟ ಆಸಿಲೇಟರ್ ಕೂಡ ನಿಖರವಾಗಿಯೇ ಕಾಣುತ್ತದೆ! ಎರವಲಾದರೂ ಸರಿ, ಒಂದು ರುಬಿಡಿಯಂ ಆಕರವನ್ನು (ಪರಮಾಣುಗಳನ್ನು ನೆಚ್ಚಿದ ಸ್ವತಂತ್ರ ಆವರ್ತನ ಮೂಲ) ತಂದು, ಎರಡು ಅಲೆಗಳನ್ನೂ ಆಸಿಲೋಸ್ಕೋಪಿನಲ್ಲಿ ಇಟ್ಟು ನೋಡಿ: ಒಂದರ ಮೇಲೆ ಇನ್ನೊಂದು 100 ಸೆಕೆಂಡಿನಲ್ಲಿ ಪೂರ್ತಿ ಒಂದು ಸುತ್ತು, ಅಂದರೆ 100 ನ್ಯಾನೋಸೆಕೆಂಡ್, ಜಾರಿದರೆ ವ್ಯತ್ಯಾಸ ನೂರು ಕೋಟಿಯಲ್ಲಿ ಒಂದು ಭಾಗ.

ಹಳೆ ಬೆಸುಗೆ: ಎಣಿಕೆಗಾರರೇ, ಅವರ ಕೆಲಸಕ್ಕೆ ರುಬಿಡಿಯಂ ಅತಿಯಾಯಿತು. ನೂರು ಕೋಟಿಯಲ್ಲಿ ಒಂದು ಭಾಗ ತಪ್ಪಿದರೂ ಉಪಗ್ರಹದ 10,489 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 10 ಹರ್ಟ್ಸ್. ಮಾತು ಕೇಳುವ ಕಿವಿಗೆ ಅದು ತಿಳಿಯುವುದೂ ಇಲ್ಲ. ಈ ಯಂತ್ರದ ಸ್ಥಿತಿಯನ್ನು ತೋರಿಸುವ ಲೇಡಿ ಹೆದರ್ ತಂತ್ರಾಂಶದಲ್ಲಿ, ಆಸಿಲೇಟರನ್ನು ತಿದ್ದುವ ಡಿಎಸಿ ವೋಲ್ಟೇಜಿನ ಗೆರೆಯನ್ನು ನಾಲ್ಕಾರು ದಿನ ಗಮನಿಸಲಿ. ನಿಧಾನವಾಗಿ ಬಾಗುವ ಗೆರೆ ಆಸಿಲೇಟರ್ ಒಳಗಿನ ಹರಳಿನ ಸಹಜ ಮುಪ್ಪು. ಹಠಾತ್ತನೆ ಮೆಟ್ಟಿಲು ಹತ್ತಿ ಇಳಿಯುವ ಗೆರೆಯಾದರೆ, ಅಥವಾ ಅದು ಈಗಾಗಲೇ ಮಿತಿಯ ಅಂಚಿಗೆ ತಲುಪಿದ್ದರೆ, ಮಾಲನ್ನು ಹಿಂದಿರುಗಿಸುವುದು ಲೇಸು.

ಎಣಿಕೆಗಾರ: ಒಪ್ಪಿದೆ, ಆದರೆ ಆಂಟೆನಾಕ್ಕೆ ತೆರೆದ ಆಕಾಶ ಸಿಕ್ಕಿ, ಯಂತ್ರ ತನ್ನ ಆಂಟೆನಾದ ಸ್ಥಾನವನ್ನು ಲೆಕ್ಕಹಾಕುವ ಸರ್ವೆ ಮುಗಿದ ಮೇಲಷ್ಟೇ ಆ ಗೆರೆಯನ್ನು ನಂಬಬಹುದು. ಕಿಟಕಿಯ ಪಕ್ಕದ ಆಂಟೆನಾದ ತಪ್ಪನ್ನು ಆಸಿಲೇಟರ್‌ನ ತಲೆಗೆ ಕಟ್ಟುವವರನ್ನು ಎಷ್ಟೋ ಕಂಡಿದ್ದೇನೆ.

ತಗಡು ಕೆಲಸ: ಪೆಟ್ಟಿಗೆಯ ಪ್ರಶ್ನೆ ಹಾಗೆಯೇ ಉಳಿಯಿತು. ಫ್ಯಾನ್ ಬೇಡವೇ ಬೇಡ. ಆಸಿಲೇಟರ್‌ಗೆ ಬಿಸಿಗಿಂತ ಬಿಸಿಯ ಏರಿಳಿತವೇ ಶತ್ರು; ಬೀಸುವ ಗಾಳಿ ಪ್ರತಿ ನಿಮಿಷವೂ ಅದನ್ನು ಕೆಣಕುತ್ತದೆ.

ಹೊಸ ಹ್ಯಾಮ್: ಹಾಗಾದರೆ ಸುತ್ತಲೂ ದಪ್ಪ ಥರ್ಮೊಕೋಲ್ ತುಂಬಿಬಿಡಲೇ?

ತಗಡು ಕೆಲಸ: ಅದು ಇನ್ನೊಂದು ತುದಿ. ಒಳಗಿನ ಓವನ್ ಹರಳನ್ನು ಕಾಯಿಸಬಲ್ಲದೇ ಹೊರತು ತಣಿಸಲಾರದು. ಹೊರಗಿನ ಬಿಸಿ ಅದರ ನಿಗದಿತ ಮಟ್ಟವನ್ನು ಸಮೀಪಿಸಿದರೆ ನಿಯಂತ್ರಣವೇ ತಪ್ಪುತ್ತದೆ. ದಪ್ಪ ಅಲ್ಯೂಮಿನಿಯಂ ಪೆಟ್ಟಿಗೆಯ ತಳಕ್ಕೆ ಯಂತ್ರವನ್ನು ಬಿಗಿಯಿರಿ. ಅದರ ತೂಕವೇ ಏರಿಳಿತವನ್ನು ನಿಧಾನಗೊಳಿಸುತ್ತದೆ. ಪ್ಲಸ್ 12, ಮೈನಸ್ 12 ಮತ್ತು 5 ವೋಲ್ಟ್ ಕೊಡುವ ಪವರ್ ಸಪ್ಲೈ ಬೇರೆ ಪೆಟ್ಟಿಗೆಯಲ್ಲಿರಲಿ, ಟ್ರಾನ್ಸ್‌ಫಾರ್ಮರ್‌ನ ಬಿಸಿಯೂ ಗುಂಯ್‌ಗುಡುವಿಕೆಯೂ ಅಲ್ಲೇ ಉಳಿಯುತ್ತವೆ. ಇಷ್ಟಾದ ಮೇಲೆ ಡಿಎಸಿ ಗೆರೆಯನ್ನು ಇನ್ನೊಮ್ಮೆ ನೋಡಿ. ಹಗಲು ರಾತ್ರಿಯ ಅಲೆ ಮೊದಲಿಗಿಂತ ಸಣ್ಣದಾಗಿದ್ದರೆ ಪೆಟ್ಟಿಗೆ ಫಲ ಕೊಟ್ಟಿದೆ ಎಂದೇ ಅರ್ಥ.