ಡಾಕ್ಯುಮೆಂಟೇಶನ್‌ನಾಗ ಸೆಲ್ಫ್ ಕಾಣಬೇಕಾ?

ರಾಯಚೂರಿನಿಂದ:
ಭತ್ತದ ಮಿಲ್ಲಿನ ಲೆಕ್ಕಕ್ಕೊಂದು ಪೈಥಾನ್ ಲೈಬ್ರರಿ ಅದರಿ. ಡಾಕ್ಯುಮೆಂಟೇಶನ್ ತಯಾರಿಸೋ ಎರಡು ಸಾಧನದಾಗ, ಮೆಥಡ್‌ಗಳಿಗೆ (ಕ್ಲಾಸಿನೊಳಗಿನ ಫಂಕ್ಷನ್) ಪೈಡಾಕ್ ಸೆಲ್ಫ್ (ಮೆಥಡ್ ಯಾವ ಆಬ್ಜೆಕ್ಟ್ ಮ್ಯಾಲ ನಡೀತದೋ ಅದು) ತೋರಿಸ್ತದ, ಸ್ಫಿಂಕ್ಸ್ ತೋರ್ಸಲ್ಲ. 'ತೂಕ(ಸೆಲ್ಫ್, ಕನೆಕ್ಷನ್, ಚೀಲ, ದಿನ)' ಇದ್ದಲ್ಲಿ ಕನೆಕ್ಷನ್ನ ಡೆಕೊರೇಟರೇ (ಫಂಕ್ಷನ್ನಿಗೆ ಸುತ್ತು ಹಾಕೋ ಕೋಡ್) ತುಂಬ್ತದ. ಅದಕ್ಕೆ ಪೈಡಾಕ್‌ನ್ಯಾಗ ಬರೇ (*ಆರ್ಗ್ಸ್, **ಕ್ವಾರ್ಗ್ಸ್) ಬರ್ತದ. ಹುಡುಗರು ಏನು ಕೊಡಬೇಕಂತ ಕೇಳ್ತಾರ. ಏನ್ ಮಾಡ್ಲಿ?

ಕೊಪ್ಪಳದಿಂದ:
ಸೆಲ್ಫ್‌ದು ತಪ್ಪಲ್ರಿ. ಕ್ಲಾಸ್ ಮೂಲಕ ಹಿಡಿದ್ರ ಅದು ಬರೇ ಫಂಕ್ಷನ್, ಸೆಲ್ಫ್ ಇರ್ತೈತಿ. ಆಬ್ಜೆಕ್ಟ್ ಮೂಲಕ ಹಿಡಿದ್ರ ಸೆಲ್ಫ್ ಆಗಲೇ ತುಂಬಿರ್ತೈತಿ, ಇನ್‌ಸ್ಪೆಕ್ಟ್.ಸಿಗ್ನೇಚರ್ (ಸಿಗ್ನೇಚರ್, ಅಂದ್ರ ಪ್ಯಾರಾಮೀಟರ್ ಪಟ್ಟಿ, ಓದೋ ಪೈಥಾನ್ ಫಂಕ್ಷನ್) ಅದನ್ನ ತೆಗೀತೈತಿ. ಪೈಡಾಕ್ ಕ್ಲಾಸ್ ನೋಡ್ತೈತಿ, ಸ್ಫಿಂಕ್ಸಿನ ಆಟೋಡಾಕ್ (ಕೋಡಿನಿಂದ ಪುಟ ಮಾಡೋ ಭಾಗ) ಮೆಥಡ್ ಕರೆಯೋರ ಕಡೆಯಿಂದ ಬರೀತೈತಿ. ಎರರ್ ಮಾತ್ರ ಸೆಲ್ಫ್ ಎಣಿಸ್ತೈತಿ: (ಸೆಲ್ಫ್, ಚೀಲ) ಇದ್ದಲ್ಲಿ ಎರಡು ಕೊಟ್ರ "2 ಬೇಕು, 3 ಬಂದಾವು" ಅಂತೈತಿ. ಹುಡುಗರಿಗೆ ಇದೊಂದು ಹೇಳಿಬಿಡ್ರಿ.

ಸಿರುಗುಪ್ಪದಿಂದ:
ಅಸಲಿ ತೊಂದರೆ ಡೆಕೊರೇಟರ್‌ನಾಗ ಐತಿ. ಮೂಲ ಫಂಕ್ಷನ್ನಿನ ಹೆಸರು, ವಿವರಣೆನ ಸುತ್ತಿನ ಫಂಕ್ಷನ್ನಿಗೆ (ವ್ರ್ಯಾಪರ್) ಅಂಟಿಸೋ ಫಂಕ್‌ಟೂಲ್ಸ್.ವ್ರ್ಯಾಪ್ಸ್ ಹಾಕಿಲ್ಲ ಅನ್ಸತೈತಿ. ಅದಿಲ್ಲಂದ್ರ ಡಾಕ್‌ಸ್ಟ್ರಿಂಗೂ (ಕೋಡಿನೊಳಗ ಬರೆದ ವಿವರಣೆ) ಹೋಗತೈತಿ, ಆಮೇಲೆ ವಿವರಣೆ ಇಲ್ಲದ್ದನ್ನೂ ಸೇರಿಸೋ ಅಂಡಾಕ್-ಮೆಂಬರ್ಸ್ ಆಯ್ಕೆ ಕೊಡದಿದ್ರ ಆಟೋಡಾಕ್ ಆ ಮೆಥಡ್ಡನ್ನ ಪುಟದಾಗ ಸೇರಿಸೋದೇ ಇಲ್ಲ.

ಆದ್ರ ನಿಮ್ಮ ಕೇಸಿಗೆ ವ್ರ್ಯಾಪ್ಸ್ ಒಂದೇ ಸಾಲದು. ಅದು ಮೂಲ ಫಂಕ್ಷನ್ನಿನ ಸಿಗ್ನೇಚರ್ ತೋರಿಸ್ತೈತಿ, ಅಂದ್ರ ಕೊಡಬಾರದ ಕನೆಕ್ಷನ್ನೂ ಕಾಣ್ತೈತಿ. (*ಆರ್ಗ್ಸ್) ಏನೂ ಹೇಳಲ್ಲ, ಇದು ಸುಳ್ಳೇ ಹೇಳತೈತಿ. ನನ್ನ ಕೇಳಿದ್ರ ಎರಡನೇದು ಇನ್ನೂ ಕೆಟ್ಟದ್ದು. ಡೆಕೊರೇಟರ್ ಒಳಗ ಮೂಲದ ಸಿಗ್ನೇಚರ್ ತಗೊಂಡು, ಪ್ಯಾರಾಮೀಟರ್ ಪಟ್ಟಿಯಿಂದ ಕನೆಕ್ಷನ್ ತೆಗೆದು, ರಿಪ್ಲೇಸ್(ಪ್ಯಾರಾಮೀಟರ್ಸ್=ಹೊಸಪಟ್ಟಿ) ಕೊಟ್ಟಿದ್ದನ್ನ ವ್ರ್ಯಾಪರ್‌ನ __ಸಿಗ್ನೇಚರ್__ಗೆ ಇಡ್ರಿ. ಪೈಡಾಕ್, ಸ್ಫಿಂಕ್ಸ್ ಎರಡೂ ಅದನ್ನೇ ಓದ್ತಾವ.

ಸೆಲ್ಫ್ ಮಾತ್ರ ಪಟ್ಟಿಯಿಂದ ತೆಗೀಬ್ಯಾಡ್ರಿ. ಆಬ್ಜೆಕ್ಟ್ ಮೂಲಕ ನೋಡಿದಾಗ ಮೊದಲನೇ ಹೆಸರು ಹ್ಯಾಂಗೂ ಹೋಗತೈತಿ. ನೀವೂ ತೆಗೆದ್ರ ಚೀಲ ಕಾಣೆಯಾಗತೈತಿ. ಕನೆಕ್ಷನ್ ಎಲ್ಲಿಂದ ಬರ್ತೈತಿ ಅಂತ ಡಾಕ್‌ಸ್ಟ್ರಿಂಗ್‌ನಾಗ ಒಂದು ಸಾಲು ಬರೀರಿ, ಕನೆಕ್ಷನ್ ಎರರ್ ಬಂದಾಗ ಬೇಕಾಗತೈತಿ.

ಗಂಗಾವತಿಯಿಂದ:
ಸ್ಕಾಲಾ ಭಾಷಾದಾಗ ಈ ಕಸರತ್ತು ಕಡಿಮಿ. ಇಂಪ್ಲಿಸಿಟ್ (ಕಂಪೈಲರ್ ತಾನೇ ತುಂಬೋ) ಆರ್ಗ್ಯುಮೆಂಟಿಗೆ ಬ್ಯಾರೇ ಕಂಸ ಇರ್ತೈತಿ (ಸ್ಕಾಲಾ 3ರಾಗ ಯೂಸಿಂಗ್), ಡಾಕ್ ಅದನ್ನೂ ಅಚ್ಚು ಹಾಕ್ತೈತಿ. 'ಸಾರ್ಟೆಡ್'ಗೆ ಆರ್ಡರಿಂಗ್ (ಹೋಲಿಸೋ ಕ್ರಮ) ಬೇಕಂತ ಸಿಗ್ನೇಚರ್‌ನಾಗೇ ಕಾಣ್ತೈತಿ.

ಸಿಂಧನೂರಿನಿಂದ:
ನಿಮ್ಮ 'ದಿನ'ಕ್ಕ ಡೀಫಾಲ್ಟ್ (ಏನೂ ಕೊಡದಿದ್ರ ಬರೋ ಬೆಲೆ) ಅದಾ? ದಿನ=ಡೇಟ್.ಟುಡೇ() ಅಂತಿದ್ರ ಪುಟದಾಗ ಡಾಕ್ ಬಿಲ್ಡ್ ಮಾಡಿದ ತಾರೀಕು ಬರ್ತದ. ಸ್ಫಿಂಕ್ಸಿನ ಸೆಟ್ಟಿಂಗ್ ಫೈಲ್ ಕಾನ್ಫ್.ಪೈನ್ಯಾಗ ಆಟೋಡಾಕ್_ಪ್ರಿಸರ್ವ್_ಡೀಫಾಲ್ಟ್ಸ್ = ಟ್ರೂ ಹಾಕಿದ್ರ ಕೋಡಿನ್ಯಾಗ ಬರೆದದ್ದೇ ಕಾಣ್ತದ; ಸ್ಫಿಂಕ್ಸ್ 4.0 ಇಲ್ಲಾ ಮೇಲಿಂದು ಬೇಕು. ಆದ್ರೂ ಆ ಡೀಫಾಲ್ಟ್ ಮಾಡ್ಯೂಲ್ ಲೋಡ್ ಆದಾಗ ಒಮ್ಮೆ ಮಾತ್ರ ಲೆಕ್ಕ ಆಗ್ತದ. ಸರ್ವರ್ ರಾತ್ರಿ ದಾಟಿದ್ರ ಹಳೇ ತಾರೀಕೇ ಬೀಳ್ತದ. ದಿನ=None (ಏನೂ ಇಲ್ಲ) ಇಟ್ಟು ಫಂಕ್ಷನ್ ಒಳಗ ತಾರೀಕು ತುಂಬ್ರಿ.