ರೈಲು ಇಂಜಿನ್ ಮೇಲೆ ಮಿನುಗುವ ಹಳದಿ ದೀಪ ಯಾಕೆ?

ಉಳ್ಳಾಲದವ: ನಿನ್ನೆ ರಾತ್ರಿ ನೇತ್ರಾವತಿ ಸೇತುವೆ ಹತ್ತಿರ ಒಂದು ರೈಲು ಸುಮಾರು ಹೊತ್ತು ನಿಂತಿತ್ತು. ಇಂಜಿನ್ ಮೇಲೆ ಹಳದಿ ದೀಪ ಮಿನುಗ್ತಾ ಇತ್ತು. ಏನಾದ್ರೂ ಅಪಾಯವಾ?

ಹಳಿ ಪಕ್ಕದ ಮನೆ: ಅದು ಫ್ಲಾಶರ್ ಲೈಟ್. ಚೈನ್ ಎಳೆದಾಗ, ಬೋಗಿ ಕಳಚಿದಾಗ ಬ್ರೇಕ್ ಪೈಪಿನ ಗಾಳಿ ಒತ್ತಡ ಇಳಿಯುತ್ತದೆ, ಆಗ ಅದು ತಾನಾಗಿ ಹತ್ತಿಕೊಳ್ಳುತ್ತದೆ, ರೈಲು ಓಡಿಸುವ ಪೈಲಟ್ ತಾನೇ ಸ್ವಿಚ್ ಹಾಕಿಯೂ ಹತ್ತಿಸಬಹುದು. ಅಲ್ಲಿ ಜೋಡಿ ಹಳಿ ಅಲ್ವಾ, ಕಳಚಿದ ಬೋಗಿ ಪಕ್ಕದ ಹಳಿಗೆ ಬಿದ್ದಿದ್ದರೆ? ಅದಕ್ಕೇ ಎದುರಿನಿಂದ ಬರುವ ಪೈಲಟ್ ಇದನ್ನು ಕಂಡ ಕೂಡಲೇ ಗಾಡಿ ನಿಲ್ಲಿಸಬೇಕು. ಸುಮ್ನೆ ಹಾಕುವ ದೀಪ ಅಲ್ಲ ಅದು.

ಉಳ್ಳಾಲದವ: ತುಂಬಾ ಥ್ಯಾಂಕ್ಸ್ ಅಣ್ಣಾ. ಹಾರ್ನ್ ಅಷ್ಟು ಜೋರು ಹೇಗೆ?

ಪಡುಬಿದ್ರಿ: ಕರೆಂಟ್ ಹಾರ್ನ್ ಅಲ್ಲ ಅದು, ಗಾಳಿಯದ್ದು. ಕಂಪ್ರೆಸರ್ ತುಂಬಿಸಿಟ್ಟ ಗಾಳಿ ಒಂದು ತೆಳು ತಗಡನ್ನು ನಡುಗಿಸುತ್ತದೆ, ಆ ಸದ್ದು ಕೊಳವೆಯಲ್ಲಿ ದೊಡ್ಡದಾಗುತ್ತದೆ. ಉದ್ದ ಕೊಳವೆಗೆ ದಪ್ಪ ಸ್ವರ, ಗಿಡ್ಡಕ್ಕೆ ಕೀರಲು. ಗೇಟಿಗೆ ಮುಂಚೆ ಹಳದಿ ಬೋರ್ಡಿನಲ್ಲಿ ಹಿಂದಿಯಲ್ಲಿ ‘ಸೀ/ಫಾ’ ಅಂತ ಇರುತ್ತದೆ, ಸೀಟಿ (ಶಿಳ್ಳೆ) ಮತ್ತು ಫಾಟಕ್ (ಗೇಟು). ಅಲ್ಲಿಂದ ಉದ್ದಕ್ಕೆ ಹಾರ್ನ್ ಹೊಡೆಯುತ್ತಾರೆ. ದಯವಿಟ್ಟು ಇಯರ್‌ಫೋನ್ ಹಾಕಿಕೊಂಡು ಹಳಿ ದಾಟಬೇಡಿ. ಈಗ ಕರೆಂಟ್ ಇಂಜಿನ್ ಬಂದ ಮೇಲೆ ಡೀಸೆಲ್ಲಿನ ಗುಡುಗು ಇಲ್ಲ, ಮಳೆಗಾಲದಲ್ಲಂತೂ ಗಾಡಿ ಹತ್ತಿರ ಬಂದರೂ ಗೊತ್ತೇ ಆಗುವುದಿಲ್ಲ.